ಹಿಂದೆ ಹಿಡಿದವನು

ಆ ಫೋಟೋ ನೋಡಿ ದೇಶಕ್ಕೆ ದೇಶವೇ ಅತ್ತಿತು. ದೊಡ್ಡ ಮೇಸ್ತ್ರಿಯೂ ಅತ್ತ, ಆದರೆ ಅವನ ಕಾರಣ ಬೇರೆ.

ಜನ ಕಿಕ್ಕಿರಿದಿದ್ದ ಒಂದು ಬೆಳಿಗ್ಗೆ ಮಾರುಕಟ್ಟೆಯ ಚಾವಣಿ ಕುಸಿದು ಬಿದ್ದಾಗ ಯಾರೋ ತೆಗೆದ ಫೋಟೋ ಅದು. ಧೂಳಿನ ಮೋಡದೊಳಗಿಂದ ಇಬ್ಬರು ಗಂಡಸರು ಹೆಂಗಸೊಬ್ಬಳನ್ನು ಮರದ ಬಾಗಿಲ ಮೇಲೆ ಮಲಗಿಸಿ ಹೊತ್ತು ತರುತ್ತಿದ್ದಾರೆ. ಮುಂದೆ ಹಿಡಿದವನ ಮುಖ ಅಚ್ಚೊತ್ತಿದಂತೆ ಬಿದ್ದಿದೆ. ಕೆನ್ನೆಯ ಧೂಳಿನ ಮೇಲೆ ಕಣ್ಣೀರು ಇಳಿದ ಗೆರೆ ಕೂಡ ಕಾಣುತ್ತದೆ. ಹಿಂದೆ ಹಿಡಿದವನದು ಬರೀ ಒಂದು ಮೊಣಕೈ. ಆ ಮೊಣಕೈ ದೊಡ್ಡ ಮೇಸ್ತ್ರಿಯದು.

ಮುಖದ ಯಜಮಾನ ಚಿಕ್ಕ ಮೇಸ್ತ್ರಿ, ಅವನ ಷಡ್ಡಕ. ಇಬ್ಬರೂ ಅಕ್ಕತಂಗಿಯರನ್ನು ಕಟ್ಟಿಕೊಂಡವರು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇಬ್ಬರದೂ ಪಾಲಿನ ಬಡಗಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಎದುರುಬದುರು ಮನೆ. ಅವತ್ತು ಚಾವಣಿ ಬಿದ್ದ ಸದ್ದು ಕೇಳಿದ್ದೇ ತಡ, ದೊಡ್ಡ ಮೇಸ್ತ್ರಿ ಅಂಗಡಿಯ ಹಿಂಬಾಗಿಲನ್ನು ಕೀಲಿನಿಂದ ಕಿತ್ತು "ಹಿಡಿಯೋ" ಎಂದಿದ್ದ. ಕಿತ್ತವನು ಅವನು, ಓಡಿದವನು ಅವನು, ಯಾರನ್ನು ಮೊದಲು ಎತ್ತಬೇಕೆಂದು ಹೇಳಿದವನೂ ಅವನೇ.

ಇನ್ನು ಹಿಂದೆ ಹಿಡಿದದ್ದೇಕೆಂದರೆ ಅದು ಅವರ ಕಸುಬಿನ ಕ್ರಮ. ಬಾಗಿಲನ್ನೋ ಬೀರುವನ್ನೋ ಸಾಗಿಸುವಾಗ ಮುಂದಿನವನು ಸುಮ್ಮನೆ ನಡೆಯಬೇಕು. ಹಿಂದಿನವನ ಕಣ್ಣಿಗೆ ಮಾತ್ರ ಸಾಮಾನು ಪೂರ್ತಿ ಕಾಣುವುದು, ಹಾಗಾಗಿ "ಮೆಟ್ಟಿಲು", "ಎಡಕ್ಕೆ", "ನಿಧಾನ" ಎಂದು ಕೂಗುತ್ತ ನಡೆಸುವ ಹೊಣೆ ಅವನದು. ಆ ತುದಿ ಯಾವಾಗಲೂ ಹಿರಿಯನಿಗೆ. ಅಷ್ಟು ವರ್ಷ ಅದು ದೊಡ್ಡಸ್ತಿಕೆಯ ಜಾಗವಾಗಿತ್ತು. ಫೋಟೋ ತೆಗೆಯುವವನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು!

ಮೊದಮೊದಲು ಈ ಹೊಟ್ಟೆಕಿಚ್ಚಿಗೆ ಜಾಗವೇ ಇರಲಿಲ್ಲ ಬಿಡಿ. ಊರಿಗೆ ಊರೇ ಒಂದು ಮನೆಯಾಗಿತ್ತು. ರಕ್ತ ಕೊಡಲು ಬಂದವರ ಸಾಲು ಆಸ್ಪತ್ರೆಯ ಗೇಟು ದಾಟಿ ಬೀದಿಗೆ ಬಂದಿತ್ತು. ಬಸ್ಸಿನವರು ಟಿಕೆಟ್ ಹರಿಯಲಿಲ್ಲ. ಮುಖ ಕಂಡರೆ ಮೂಗು ಮುರಿಯುತ್ತಿದ್ದ ಎರಡು ಪಕ್ಷಗಳ ಮುಖಂಡರು ಆಸ್ಪತ್ರೆಯ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಒಬ್ಬ ಅತ್ತಾಗ ಇನ್ನೊಬ್ಬ ಕರವಸ್ತ್ರ ಕೊಟ್ಟದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಗೋಡೆ ಗೋಡೆಗೂ ಬಾಗಿಲಿನ ಫೋಟೋ, ಕೆಳಗೆ 'ನಾವೆಲ್ಲ ಒಂದೇ' ಎಂಬ ಸಾಲು.

ಆಮೇಲೆ ಶುರುವಾಯಿತು ಜಗಳ. ಚಾವಣಿ ತಾನಾಗಿ ಬಿತ್ತೋ, ಯಾರಾದರೂ ಬೀಳಿಸಿದರೋ? ಸರ್ಕಾರದವರು ಶತ್ರುಗಳು ಬೀಳಿಸಿದರು ಎಂದರು. ವಿರೋಧ ಪಕ್ಷದವರು ಸರ್ಕಾರ ಸಿಮೆಂಟು ನುಂಗಿದ್ದಕ್ಕೆ ಬಿತ್ತು ಎಂದರು. ಕರವಸ್ತ್ರ ಕೊಟ್ಟವನೇ ತೆಗೆದುಕೊಂಡವನನ್ನು ಕೊಲೆಗಡುಕ ಎಂದ. ಜನ ಪಕ್ಷಗಳ ನಿಜವಾದ ಹೆಸರು ಮರೆತು 'ಬೀಳಿಸಿದರು ಪಕ್ಷ', 'ಬಿತ್ತು ಪಕ್ಷ' ಎಂದೇ ಕರೆಯತೊಡಗಿದರು. ಸತ್ತವರ ಮನೆಯವರನ್ನೂ ಮಾತಾಡಿಸುವ ಮುಂಚೆ ನೀವು ಯಾವ ಕಡೆ ಎಂದು ಕೇಳುವಷ್ಟು ಮಾನಗೆಟ್ಟ ಕಾಲ ಬಂತು.

ಬೀಳಿಸಿದರು ಪಕ್ಷದವರು ಚಿಕ್ಕ ಮೇಸ್ತ್ರಿಯನ್ನು ತಲೆಯ ಮೇಲೆ ಕೂರಿಸಿಕೊಂಡರು. ಸಭೆ ಇದ್ದಲ್ಲಿ ಅವನು, ಮೆರವಣಿಗೆ ಇದ್ದಲ್ಲಿ ಅವನು. ಬಾಗಿಲನ್ನೂ ಒಯ್ದು ತಮ್ಮ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಂಗಡಿಗೆ ಬಂದ ಗಿರಾಕಿಗಳು ಮಂಚ ಮಾಡಿಸುವುದು ಬಿಟ್ಟು "ಫೋಟೋದ ಮೇಸ್ತ್ರಿ ಎಲ್ಲಿ?" ಎನ್ನುತ್ತಿದ್ದರು. ಒಂದು ದಿನ ಒಬ್ಬಳು ಚಿಕ್ಕ ಮೇಸ್ತ್ರಿಯ ಪಕ್ಕ ನಿಂತು, ಮೊಬೈಲನ್ನು ದೊಡ್ಡ ಮೇಸ್ತ್ರಿಯ ಕೈಗೆ ಕೊಟ್ಟು, "ಒಂದು ತೆಗೀರಿ. ನೀವು ಇವರ ಹತ್ರ ಕೆಲಸಕ್ಕಿದ್ದೀರಾ?" ಎಂದಳು.

ಅವನು ತೆಗೆದ. ಬೇಕೆಂದೇ ಚಿಕ್ಕ ಮೇಸ್ತ್ರಿಯ ಮುಖ ಬಿಟ್ಟು ಮೊಣಕೈ ಮಾತ್ರ ಬರುವಂತೆ ತೆಗೆದ. ಆ ಸಣ್ಣ ಬುದ್ಧಿಗೆ ತನಗೇ ನಾಚಿಕೆಯಾಯಿತು, ಖುಷಿಯೂ ಆಯಿತು.

ಮನೆಯಲ್ಲಿ ಹೆಂಡತಿ ಎಂದಳು, "ಅದೇನ್ರೀ, ಮೂರು ಹೊತ್ತೂ ಹೊಟ್ಟೆ ಉರ್ಕೊಂಡು ಕೂತಿರ್ತೀರ? ನಿಮ್ಮ ಮುಖ ನಾನು ದಿನಾ ನೋಡ್ತೀನಲ್ಲ, ಸಾಲದಾ?"

"ನೀನು ನೋಡಿದ್ರೆ ಪೇಪರಲ್ಲಿ ಬರುತ್ತಾ?"

"ಪೇಪರಲ್ಲಿ ಬಂದೋನು ನನ್ನ ತಂಗಿ ಗಂಡ, ಪರಕೀಯ ಅಲ್ಲ."

ಅದೇ ತಾನೆ ಉರಿ! ಪರಕೀಯನಾಗಿದ್ದರೆ ಮರೆತುಬಿಡಬಹುದಿತ್ತು. ಉಳಿ ಹಿಡಿಯುವುದನ್ನು ತಾನೇ ಕಲಿಸಿದ ಷಡ್ಡಕ, ಎದುರು ಮನೆಯಲ್ಲಿ ಹಾರಗಳನ್ನು ಮೊಳೆಗೆ ನೇತುಹಾಕಿಕೊಂಡು ಕುಳಿತರೆ ನಿದ್ದೆ ಎಲ್ಲಿಂದ ಬರಬೇಕು?

ಇದನ್ನು ಮೂಸಿ ನೋಡಿದವನಂತೆ ಬಿತ್ತು ಪಕ್ಷದ ಮುಖಂಡ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ದಪ್ಪ ಕನ್ನಡಕದ ಮನುಷ್ಯ, ಮಾತು ಬೆಣ್ಣೆ. ಚಿಕ್ಕ ಮೇಸ್ತ್ರಿ ಯಾವುದೋ ಸಭೆಗೆ ಹೋಗಿದ್ದ.

"ನಿಜವಾಗಿ ಹೊತ್ತವರು ನೀವಂತೆ. ದೇಶ ನಿಮ್ಮ ಮುಖಾನೇ ನೋಡಿಲ್ಲ. ಇದು ಅನ್ಯಾಯ ಅಲ್ವಾ ಮೇಸ್ತ್ರಿಗಳೇ?"

ಯಾರಾದರೂ ಹೀಗೆ ಹೇಳಲಿ ಎಂದು ದೊಡ್ಡ ಮೇಸ್ತ್ರಿ ಎಷ್ಟು ದಿನದಿಂದ ಕಾದಿದ್ದನೋ! ಆ ಭರದಲ್ಲಿ ನಾಲಿಗೆಯಿಂದ ಒಂದು ಸುಳ್ಳು ಜಾರಿತು. "ಮುಖದ ಮಾತು ಹಾಗಿರಲಿ. ಅವರು ಗಾಜಿನ ಪೆಟ್ಟಿಗೇಲಿ ಇಟ್ಟಿರೋದು ಆ ಬಾಗಿಲೇ ಅಲ್ಲ. ಅಸಲಿ ಬಾಗಿಲು ನನ್ನ ಹತ್ರ ಇದೆ."

ಕನ್ನಡಕದವನ ಕಿವಿ ನೆಟ್ಟಗಾಯಿತು. ಹೊರಟ ಮಾತನ್ನು ನುಂಗಲು ಅಲ್ಲೇ ಅವಕಾಶವಿತ್ತು. ನುಂಗಲಿಲ್ಲ. ಷಡ್ಡಕನ ಮುಖ ಬಾಡುವುದನ್ನು ಮನಸ್ಸಿನಲ್ಲೇ ಕಂಡು ಅವನಿಗೆ ರುಚಿ ಹತ್ತಿತ್ತು.

ಹೇಳಿದ ಮೇಲೆ ಮಾಡಬೇಕಲ್ಲ. ಬಾಗಿಲು ಬಚ್ಚಿಡಲೆಂದು ಬೀಗದ ಕೈ ಈಸಿಕೊಂಡು, ಪಕ್ಷದ ಗೋದಾಮಿನ ಮೂಲೆಯಲ್ಲಿ, ಕೆಡವಿದ ಹಳೆ ಮನೆಯ ಹಲಗೆ ತಂದು, ಅವನು ಬಾಗಿಲು ಕಟ್ಟತೊಡಗಿದ. ಕೈ ಅಂಥದ್ದು. ಹಲಗೆಯ ಸೀಳು, ಕೆಳಗಿನ ಗೆದ್ದಲು ತಿಂದ ಅಂಚು, ಕಿತ್ತ ಕೀಲಿನ ಗಾಯ, ಕಲೆ, ಎಲ್ಲವನ್ನೂ ನೆನಪಿನಿಂದಲೇ ತಂದ. ಒಂದು ಕಡೆ ಮಾತ್ರ ಕೈ ಒಪ್ಪಲಿಲ್ಲ. ಅಸಲಿ ಬಾಗಿಲಿನ ಚಿಲಕವನ್ನು ಚಿಕ್ಕ ಮೇಸ್ತ್ರಿ ಕೆಲಸ ಕಲಿಯುವಾಗ ಕೂರಿಸಿದ್ದ. ವಕ್ರವಾಗಿ, ಹಲಗೆಯಿಂದ ಎದ್ದು ನಿಲ್ಲುವಂತೆ ಬಡಿದದ್ದು. ಅದಕ್ಕಾಗಿ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅಂಥ ದರಿದ್ರ ಕೆಲಸವನ್ನು ತನ್ನ ಕೈಯಿಂದ ಹೇಗೆ ಮಾಡುವುದು? ಯಾರು ಅಷ್ಟು ನೋಡುತ್ತಾರೆ ಎಂದುಕೊಂಡು ಮರವನ್ನು ಕೊರೆದು, ಚಿಲಕವನ್ನು ಹಲಗೆಯ ಮಟ್ಟಕ್ಕೆ ನೀಟಾಗಿ ಕೂರಿಸಿದ. ಸುಳ್ಳು ಬಾಗಿಲನ್ನೂ ಚೆನ್ನಾಗಿ ಮಾಡದೆ ಇರಲಾಗಲಿಲ್ಲ ಮಹಾರಾಯನಿಗೆ.

'ಅಸಲಿ ಬಾಗಿಲು ನಮ್ಮಲ್ಲಿದೆ, ವರ್ಷದ ನೆನಪಿನ ದಿನ ತೋರಿಸುತ್ತೇವೆ' ಎಂದು ಬಿತ್ತು ಪಕ್ಷ ಡಂಗುರ ಹೊಡೆಯಿತು. ನಿನ್ನೆಯವರೆಗೆ ಹಾರ ಹಾಕಿದವರಲ್ಲೇ ಅರ್ಧ ಜನ ಚಿಕ್ಕ ಮೇಸ್ತ್ರಿಯನ್ನು ಕಳ್ಳ ಎಂದರು. ಮಹಡಿಯ ಅವನ ಕಿಟಕಿಗೆ ಕಲ್ಲು ಬಿತ್ತು. ಗಾಜು ಗುಡಿಸಲು ತಂಗಿಯ ಜೊತೆ ಅಕ್ಕನೂ ಹೋದಳು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು.

ಚಿಕ್ಕ ಮೇಸ್ತ್ರಿ ಅಂಗಡಿಗೆ ಬಂದು ಒಂದೇ ಸಲ ಕೇಳಿದ. "ಅಣ್ಣಾ, ಬಾಯಿ ತಪ್ಪಿ ಅಂದೆ ಅಂತ ಹೇಳಿಬಿಡು. ನನ್ನ ಮಗಳಿಗೆ ಸ್ಕೂಲಲ್ಲಿ ಕಳ್ಳನ ಮಗಳು ಅಂತಾರೆ."

ದೊಡ್ಡ ಮೇಸ್ತ್ರಿಯ ಕಣ್ಣ ಮುಂದೆ ಆ ಮಗುವಿನ ಮುಖ ಬಂತು. ಆದರೆ ಬಾಯಿಂದ ಬಂದದ್ದು, "ಹಾರ ಹಾಕಿಸ್ಕೊಳ್ಳೋವಾಗ ಅಣ್ಣನ ನೆನಪು ಬರಲಿಲ್ವಾ?"

ನೆನಪಿನ ದಿನ ಒಂದೇ ಮೈದಾನದಲ್ಲಿ ಎರಡು ವೇದಿಕೆ ಎದ್ದವು, ನಡುವೆ ಹಗ್ಗ, ಹಗ್ಗದುದ್ದಕ್ಕೂ ಪೊಲೀಸರು. ಎರಡು ಕಡೆಯ ಮೈಕುಗಳೂ ಅರಚಿ, ಸತ್ತವರ ಹೆಸರುಗಳು ಒಂದರ ಮೇಲೊಂದು ಬಿದ್ದು ಒಂದೂ ಕೇಳಿಸುತ್ತಿರಲಿಲ್ಲ. ಈ ಕಡೆಯ ವೇದಿಕೆಯ ಮೇಲೆ ಬಾಗಿಲು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ದೊಡ್ಡ ಮೇಸ್ತ್ರಿ. ಅಷ್ಟು ಕಣ್ಣು ತನ್ನ ಮುಖದ ಮೇಲೆ! ಎದೆ ಉಬ್ಬಿತ್ತು.

ಆಗ ಕನ್ನಡಕದವನು ಯಾರನ್ನೋ ಕೈಹಿಡಿದು ಮೆಟ್ಟಿಲು ಹತ್ತಿಸಿದ. ಫೋಟೋದಲ್ಲಿ ಬಾಗಿಲ ಮೇಲೆ ಮಲಗಿದ್ದ ಹೆಂಗಸು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಈಗ ಒಂದು ಕಾಲು ಎಳೆದು ನಡೆಯುತ್ತಾಳೆ. ಅವಳನ್ನು ಕರೆಸುತ್ತಾರೆಂದು ದೊಡ್ಡ ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ.

ಅವಳು ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅವನ ಮುಂದೆ ಬಂದು, "ಸ್ವಲ್ಪ ಬಗ್ತೀರಾ?" ಎಂದಳು. ಅವನು ಬಗ್ಗಿದ. ಅವಳು ಕತ್ತು ಹಿಂದಕ್ಕೆ ಚೆಲ್ಲಿ ಕೆಳಗಿನಿಂದ ಅವನ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು.

"ನೀವೇ. ನನ್ನ ತಲೆ ನಿಮ್ಮ ಕಡೆ ಇತ್ತು. ದಾರಿಯುದ್ದಕ್ಕೂ ನನಗೆ ಕಂಡದ್ದು ಈ ಮುಖ ಒಂದೇ. ಕಣ್ಣು ಮುಚ್ಚಬೇಡಮ್ಮ, ನನ್ನನ್ನೇ ನೋಡ್ತಿರು ಅಂತಿದ್ರಿ. ನೋಡ್ಕೊಂಡೇ ಬದುಕಿದೆ. ಎಷ್ಟು ಹುಡುಕಿದೆ ಗೊತ್ತಾ ನಿಮ್ಮನ್ನ?"

ದೇಶವೆಲ್ಲ ಕಂಡ ಮುಖವನ್ನು ಇವಳು ಕಂಡಿರಲಿಲ್ಲ. ಯಾರೂ ಕಾಣದ ಮುಖವನ್ನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದಳು. ದೊಡ್ಡ ಮೇಸ್ತ್ರಿ ಬಯಸಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಅಲ್ಲಿಗೆ ಸಾಕೆಂದು ಇಳಿದು ಮನೆಗೆ ಹೋಗಬೇಕಿತ್ತು.

ಕನ್ನಡಕದವನು ಮೈಕು ಚಾಚಿದ. "ಹಾಗಾದ್ರೆ ಬಾಗಿಲು ಕೂಡ ಇದೇ ಅಲ್ವೇನಮ್ಮ?"

ಅವಳು ಹಲಗೆಯ ಮೇಲೆ ಅಂಗೈ ಸವರಿದಳು. ಚಿಲಕದ ಹತ್ತಿರ ಕೈ ನಿಂತಿತು. ಮೈಕಿಗೆ ಕೇಳದಂತೆ ಅವನ ಕಿವಿಯ ಬಳಿ ಹೇಳಿದಳು, "ಆ ಬಾಗಿಲಲ್ಲಿ ಚಿಲಕ ಎದ್ದು ನಿಂತಿತ್ತು. ಬೆನ್ನಿಗೆ ಚುಚ್ಚುತ್ತೆ ಅಂತ ಅತ್ತೆ. ನೀವು, ತಡ್ಕೊಳ್ಳಮ್ಮ, ಅದು ಚಿಲಕ, ಸಾವಲ್ಲ ಅಂದ್ರಿ. ಗಾಯದ ಗುರುತು ಇನ್ನೂ ಇದೆ. ಇದು ಆ ಬಾಗಿಲಲ್ಲ, ಅಲ್ವಾ?"

ಅವನು ಕಣ್ಣು ತಗ್ಗಿಸಿದ.

"ನೀವು ಏನು ಹೇಳು ಅಂದ್ರೂ ಹೇಳ್ತೀನಿ. ನಿಮ್ಮ ಮಾತು ಕೇಳಿಯೇ ಉಳಿದವಳು ನಾನು."

ಅಲ್ಲ ಎಂದರೆ ಷಡ್ಡಕನ ಮಾನ ಉಳಿಯುತ್ತದೆ, ತನ್ನದು ಈ ವೇದಿಕೆಯ ಮೇಲೆಯೇ ಹೋಗುತ್ತದೆ. ಹಗ್ಗದ ಆಚೆ, ಎದುರು ವೇದಿಕೆಯಲ್ಲಿ ಚಿಕ್ಕ ಮೇಸ್ತ್ರಿ ನಿಂತಿದ್ದ. ಕೊರಳಲ್ಲಿ ಹೊಸ ಹಾರ. ಆ ಹಾರ ಕಣ್ಣು ಕುಕ್ಕಿತು.

"ಇದೇ ಅನ್ನಿ," ಎಂದ.

ಅವಳು ಮೈಕು ತೆಗೆದುಕೊಂಡು, "ಇದೇ ಬಾಗಿಲು," ಎಂದಳು. ಮೈದಾನ ಬೊಬ್ಬೆಯಿಟ್ಟಿತು. ಆ ಗದ್ದಲದಲ್ಲಿ ಅವಳು ಅವನ ಕಡೆ ತಿರುಗಿದಳು. "ನಿಮ್ಮ ಋಣ ತೀರಿತು," ಎಂದು ಹೇಳಿ, ಕಾಲೆಳೆಯುತ್ತ ಒಬ್ಬಳೇ ಮೆಟ್ಟಿಲಿಳಿದಳು. ಅವನು ಅವಳು ತಿರುಗಿ ನೋಡುತ್ತಾಳೆಂದು ಕಾದ. ನೋಡಲಿಲ್ಲ.

ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಅವನ ಮುಖವೇ. ಅವನು ಒಂದನ್ನೂ ಬಿಡಿಸಲಿಲ್ಲ. ಅಂಗಡಿಗೆ ಇಳಿದು ಬಂದರೆ ಚಿಕ್ಕ ಮೇಸ್ತ್ರಿ ಆಗಲೇ ಬಂದಿದ್ದ. ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡಿದ್ದ. ಸಭೆ ಮುಗಿದ ಮೇಲೆ ಯಾರೋ ಹಗ್ಗ ದಾಟಿ ಬಂದು ಹೊಡೆದಿದ್ದರು. ಕೈಯಲ್ಲಿ ಅಳತೆಯ ಟೇಪು.

"ನಡುವೆ ಒಂದು ಹಲಗೆ ಗೋಡೆ ಹಾಕ್ಕೊಳ್ಳೋಣ. ನಿನ್ನ ಗಿರಾಕಿ ನಿನಗೆ, ನನ್ನವರು ನನಗೆ."

"ಆಗಲಿ."

ಚಿಕ್ಕ ಮೇಸ್ತ್ರಿ ಟೇಪನ್ನು ಬಿಚ್ಚದೆ ನಿಂತ. "ಮೊದಲು ಅವಳು ನಮ್ಮ ಸಭೆಗೂ ಬಂದಿದ್ಲು. ನನ್ನ ಮುಖ ನೋಡಿ 'ಇವರಲ್ಲ, ಇನ್ನೊಬ್ಬರು' ಅಂದ್ಲು. ಅಷ್ಟು ಜನ ಹಾರ ಹಾಕಿದ್ರು, ನಾನು ಹೊತ್ತು ತಂದೋಳೇ ನನ್ನ ಗುರುತು ಹಿಡೀಲಿಲ್ಲ. ಅವತ್ತಿಂದ ನಿನ್ನ ಕಂಡ್ರೆ ಹೊಟ್ಟೆ ಉರಿ ನನಗೆ. ಅದಕ್ಕೇ ಆ ಇನ್ನೊಬ್ಬರು ಯಾರು ಅಂತ ಅವಳಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಹೇಳಿದ್ರೆ ನೀನು ಕುಣಿದಾಡ್ತಿದ್ದೆ."

ಆ ಒಂದು ಮಾತು ಅವತ್ತೇ ಕಿವಿಗೆ ಬಿದ್ದಿದ್ದರೆ ದೊಡ್ಡ ಮೇಸ್ತ್ರಿ ನಿಜವಾಗಿಯೂ ಕುಣಿದಾಡುತ್ತಿದ್ದ, ಸುಳ್ಳು ಬಾಗಿಲಿಗೆ ಮೊಳೆ ಹೊಡೆಯುತ್ತಿರಲಿಲ್ಲ.

"ನಿನ್ನೆ ಕಿವಿಯಲ್ಲಿ ಏನಂದ್ಲು?" ಚಿಕ್ಕ ಮೇಸ್ತ್ರಿ ಕೇಳಿದ.

"ಋಣ ತೀರಿತು ಅಂದ್ಲು. ತಿರುಗಿ ನೋಡದೆ ಹೋದ್ಲು."

ಹೊಲಿಗೆ ಹಾಕಿದ ಹುಬ್ಬಿನ ಕೆಳಗೆ ಚಿಕ್ಕ ಮೇಸ್ತ್ರಿಯ ಮುಖ ಸಡಿಲವಾಯಿತು, ಎಷ್ಟೋ ದಿನಗಳಿಂದ ಹೊತ್ತದ್ದನ್ನು ಇಳಿಸಿದವನ ಹಾಗೆ. ಆ ನೆಮ್ಮದಿಯ ಪರಿಚಯ ದೊಡ್ಡ ಮೇಸ್ತ್ರಿಗೆ ಚೆನ್ನಾಗಿಯೇ ಇತ್ತು. ಅವನಿಗೆ ಸಿಟ್ಟು ಕೂಡ ಬರಲಿಲ್ಲ.

"ತುದಿ ಹಿಡ್ಕೊ ಅಣ್ಣಾ," ಎಂದ ಚಿಕ್ಕ ಮೇಸ್ತ್ರಿ.

ಅವನು ಹಿಡಿದ. ಗೋಡೆಯಿಂದ ಗೋಡೆಗೆ, ನೆಲದಿಂದ ತೊಲೆಗೆ ಇಬ್ಬರೂ ಸೇರಿ ಅಳೆದರು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಚೌಕಟ್ಟು ಎದ್ದು ನಿಂತಿತ್ತು. ಕೊನೆಯ ಹಲಗೆಯನ್ನು ಆಚೆಯಿಂದ ಒಬ್ಬ ಒತ್ತಿ ಹಿಡಿದ, ಈಚೆಯಿಂದ ಒಬ್ಬ ಮೊಳೆ ಹೊಡೆದ.