ಮಾತು ಕಲಿತ ಮಲ್ಲಿಕಸಾಬ

ನಾಜಿಮಾ ಪಡಸಾಲೆಯ ನೆಲವನ್ನು ತಿಕ್ಕಿ ಒರೆಸುತ್ತಿದ್ದಳು. ಮೊಮ್ಮಗಳು ಜಿಗಿದಾಡಲೆಂದು ಅಬ್ಬಾ ಸೀಮೆಸುಣ್ಣದಲ್ಲಿ ಬರೆದಿದ್ದ ವೃತ್ತಗಳು ಬೇಗ ಹೋಗುತ್ತಿರಲಿಲ್ಲ. ಹಿತ್ತಿಲಲ್ಲಿ ಗಂಡಸರು ತೀರಿಕೊಂಡಿದ್ದ ಅಬ್ಬಾ ಮಲ್ಲಿಕಸಾಬನ ಮೈ ತೊಳೆಯುತ್ತಿದ್ದರು. ತಂದು ಮಲಗಿಸಲು ಜಾಗ ಬೇಕಿತ್ತು.

"ಅಷ್ಟ್ಯಾಕ ತಿಕ್ಕತೀಯವ್ವ, ಚಾಪಿ ಹಾಸಿದ್ರ ಕಾಣಂಗಿಲ್ಲ," ಎಂದಳು ನೆರೆಮನೆಯ ರಾಚವ್ವ. ನಾಜಿಮಾಳ ನಾಲ್ಕು ವರ್ಷದ ಮಗಳು ಸಾಯಿರಾ ರಾಚವ್ವನ ಸೊಂಟದ ಮೇಲಿದ್ದಳು.

ಬೆಳಗಿನ ಬಸ್ಸಿಗೆ ಯರಗಟ್ಟಿಯಿಂದ ಬಂದಿದ್ದ ನಾಜಿಮಾಳ ಅಣ್ಣ ರಫೀಕ್ ಅತ್ತರಿನ ಬಾಟಲಿ ಹುಡುಕುತ್ತ ಒಳಗೆ ಬಂದ.

"ಮಾಮಾ, ನಾನಾಗ ಏನಾಗೇತಿ?" ಎಂದಳು ಸಾಯಿರಾ. ಅಜ್ಜನನ್ನು ಅವಳು ನಾನಾ ಎನ್ನುತ್ತಿದ್ದಳು.

ರಫೀಕ್ ಬಾಟಲಿ ತೆಗೆದುಕೊಂಡು ಮುಖ ತಿರುಗಿಸಿ ಹೊರಟುಹೋದ.

"ಥೇಟ್ ನಿಮ್ಮಪ್ಪ," ಎಂದಳು ರಾಚವ್ವ ನಾಜಿಮಾಗೆ. "ಅವರೂ ಮೊದಲ ಹಿಂಗ ಮಾತಿಲ್ಲದ ಇದ್ದರು. ಈಗ ಎರಡು ವರ್ಸ ಆತು ನೋಡು, ಗ್ವಾಡಿ ಆಚಿಕಡಿಂದ ಅವರ ದನಿ ಕೇಳಾಕ ಹತ್ತಿ."

* * *

ಮಲ್ಲಿಕಸಾಬ ಟೆಂಪೋ ಓಡಿಸಿ ಮಕ್ಕಳನ್ನು ಸಾಕಿದವನು. ಮನೆಗೆ ಬಂದರೆ "ಊಟ ಆತೇನ?" ಎನ್ನುವುದೊಂದೇ ಮಾತು. ಮೊಣಕಾಲು ಕೈಕೊಟ್ಟು ಮನೆ ಹಿಡಿದ ಮೇಲೆ, ರಾಮದುರ್ಗದ ಪೇಟೆಯ ಬಟ್ಟೆ ಅಂಗಡಿಗೆ ಹೋಗುವ ನಾಜಿಮಾ ಮಗಳನ್ನು ಅವನ ಬಳಿ ಬಿಡುತ್ತಿದ್ದಳು. ಎರಡು ತುಂಬಿದರೂ ಸಾಯಿರಾಗೆ ಮಾತು ಬರಲಿಲ್ಲ. ಕಿವಿ ಚೆನ್ನಾಗಿದೆ ಎಂದ ಡಾಕ್ಟರು, "ಮನಿಯಾಗ ಕೂಸಿನ ಜೋಡಿ ಭಾಳ ಮಾತಾಡ್ರಿ," ಎಂದು ಕಳಿಸಿದರು. ಮಲ್ಲಿಕಸಾಬ ಕೂಸನ್ನು ಎತ್ತಿಕೊಂಡು ಹೊರಗೆ ನಡೆದ.

ಒಂದು ದಿನ ತಲೆನೋವೆಂದು ನಾಜಿಮಾ ಮಧ್ಯಾಹ್ನವೇ ಮನೆಗೆ ಬಂದಳು. ಒಳಗೆ ಯಾರೋ ಗಂಡಸು ಒಂದೇ ಸಮನೆ ಮಾತಾಡುತ್ತಿದ್ದ. ಬೀಗರು ಬಂದಿರಬೇಕೆಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇದು ಹೆಸರಕಾಳ, ಸಣ್ಣದು. ಇದು ಕಡ್ಲಿ, ದೊಡ್ಡದು. ದೊಡ್ಡದನ್ನ ಈ ಬಟ್ಟಲದಾಗ ಹಾಕೂಣು. ಹಾಕು. ಟಣ್ ಅಂತಲ್ಲ?"

ಬಾಗಿಲು ಸದ್ದಾದದ್ದೇ ತಡ ಮಾತು ನಿಂತಿತು. ಕಳವಿನಲ್ಲಿ ಸಿಕ್ಕಿಬಿದ್ದವನಂತೆ ಮಲ್ಲಿಕಸಾಬ ಬಟ್ಟಲನ್ನು ಬದಿಗೆ ಸರಿಸಿದ.

ಆಮೇಲೆ ನಾಚಿಕೆ ಬಿಟ್ಟ. ತಂಬಿಗೆಯಿಂದ ಲೋಟಕ್ಕೆ ನೀರು ಸುರಿಯುವಾಗ ತುಂಬಿತು, ಬರಿದಾಯಿತು ಎನ್ನುವನು. ಒಗೆದ ಬಟ್ಟೆ ಮಡಚುವಾಗ ಇದು ಅಮ್ಮಂದು, ಇದು ನಿಂದು ಎನ್ನುವನು. ಮಗು ಸುಮ್ಮನೆ ಅವನ ಬಾಯನ್ನೇ ನೋಡುತ್ತಿತ್ತು. ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಅವನು ಉಳ್ಳಾಗಡ್ಡಿ ಸುಲಿಯುತ್ತಿದ್ದಾಗ ಸಾಯಿರಾ ಅವನ ಕಣ್ಣೀರಿಳಿದ ಕೆನ್ನೆ ಮುಟ್ಟಿ, "ನೀರು," ಎಂದಳು. ಮಲ್ಲಿಕಸಾಬ ಅಂಗಡಿಗೆ ಫೋನು ಹಚ್ಚಿದ. ನಾಜಿಮಾ ಹಲೋ ಎನ್ನುತ್ತಲೇ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದ.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಕೇಳಿಯೇಬಿಟ್ಟಳು: "ಅಬ್ಬಾ, ನಮ್ಮ ಜೋಡಿ ಯಾಕ ಹಿಂಗ ಮಾತಾಡಲಿಲ್ಲ?"

ಅವನು ರೊಟ್ಟಿ ಮುರಿದ. "ಆಗ ಬರತಿದ್ದಿಲ್ಲವ್ವ. ಈಗ ಕಲಿಯಾಕ ಹತ್ತೇನಿ."

* * *

ಮಲ್ಲಿಕಸಾಬನನ್ನು ಮಣ್ಣು ಮಾಡಿ ಗಂಡಸರು ಮರಳಿದಾಗ ಬಿಸಿಲು ಇಳಿದಿತ್ತು. ರಾಚವ್ವ ತನ್ನ ಮನೆಯಿಂದ ಅನ್ನ, ಸಾರು ಮಾಡಿ ತಂದಿದ್ದಳು. ರಫೀಕ್ ಒಳಗೆ ಬಾರದೆ ಕಟ್ಟೆಯ ಮೇಲೆ ಒಬ್ಬನೇ ಕುಳಿತ. ಸಾಯಿರಾ ಹೋಗಿ ಅವನ ಮೊಣಕಾಲಿಗೆ ಒರಗಿ ನಿಂತಳು.

"ನಾನಾನ್ನ ಎಲ್ಲಿ ಬಿಟ್ಟು ಬಂದಿ?"

ಬಾಗಿಲಲ್ಲಿದ್ದ ನಾಜಿಮಾ ಮಗಳನ್ನು ಕರೆಯಬೇಕೆಂದವಳು ತಡೆದುಕೊಂಡಳು. ರಫೀಕ್ ಸಾಯಿರಾಳನ್ನು ಹತ್ತಿರಕ್ಕೆ ಎಳೆದುಕೊಂಡ.

"ನಾನಾ ಸತ್ತಾರವ್ವ. ಇನ್ನ ಬರಂಗಿಲ್ಲ. ಹೊಳಿ ಕಡೆ ಒಂದು ಬೇವಿನ ಗಿಡ ಐತಿ. ಅದರ ಬುಡಕ ಮಲಗಿಸಿ, ಎಲ್ಲಾರೂ ಮಣ್ಣು ಕೊಟ್ವಿ."

"ಎಂಥಾ ಮಣ್ಣು?"

ರಫೀಕ್ ತೊಳೆಯದ ಅಂಗೈಯನ್ನು ಅವಳ ಮುಂದೆ ಬಿಚ್ಚಿದ. ಗೆರೆಗೆರೆಗಳಲ್ಲಿ ಮೆತ್ತಿಕೊಂಡಿದ್ದ ಕರಿಮಣ್ಣಿನ ಮೇಲೆ ಸಾಯಿರಾ ಮೆಲ್ಲಗೆ ಒಂದು ಬೆರಳು ಎಳೆದಳು.