ಟಯರಿಲ್ಲದ ನರಕಾಸುರ

ದೀಪಾವಳಿಗೆ ವಾರವಿರುವಾಗಲೇ ಉಲ್ಹಾಸನ ಅಂಗಳದಲ್ಲಿ ನರಕಾಸುರ ಎದ್ದು ನಿಂತಿದ್ದ. ಬಿದಿರಿನ ಎಲುಬು, ಹುಲ್ಲಿನ ಮೈ, ಕಾಗದದ ಮೀಸೆ. ಹೊಟ್ಟೆಗೆ ತುಂಬಲು ಹಳೆಯ ಟಯರುಗಳು ಗೋಡೆಗೆ ಒರಗಿದ್ದವು. ಇಡೀ ಫೋಂಡಾ ಕಡೆಯಲ್ಲಿ ತಮ್ಮ ವಾಡೆಯ, ಅಂದರೆ ಕೇರಿಯ, ನರಕಾಸುರನೇ ಹೆಚ್ಚು ಹೊತ್ತು ಉರಿಯಬೇಕೆಂಬುದು ಅವನ ಹಟ.

ಆ ಹಟದ ಬಿಸಿ ತಟ್ಟಿದ್ದು ಅವನ ತಾಯಿ ಶೆವಂತಿಬಾಯಿಗೆ. ಅವಳಿಗೆ ಉಬ್ಬಸ. ಹೋದ ವರ್ಷ ಬೆಳಗಿನ ಜಾವ ನರಕಾಸುರನನ್ನು ಸುಟ್ಟ ಹೊಗೆಗೆ ಉಸಿರು ಕಟ್ಟಿ, ಹಬ್ಬದ ಅವಲಕ್ಕಿ ಬಾಯಿಗಿಡುವ ಮೊದಲೇ ಆಸ್ಪತ್ರೆ ಸೇರಿದ್ದಳು.

ಪಕ್ಕದ ಮನೆಯ ನರ್ಸ್ ಶೋಭನಾ ಟಯರು ನೋಡಿದವಳೇ ಸೊಂಟಕ್ಕೆ ಕೈಯಿಟ್ಟಳು. "ಏನೋ ಉಲ್ಹಾಸ, ಈ ಸಲವೂ ಆಯಿಗೆ ಆಸ್ಪತ್ರೆಯಲ್ಲೇ ಹಬ್ಬವಾ?"

"ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕ್ತೀನಿ ಬಿಡಿ ಶೋಭನಾ ಬಾಯ್. ಟಯರಿಲ್ಲದೆ ರಾಕ್ಷಸ ಉರಿಯೋದುಂಟಾ? ಕೆಳಗಿನ ವಾಡೆಯವರು ನಗ್ತಾರೆ."

"ಆ ಹೊಗೆ ವಿಷ ಕಣೋ. ಬೆಳಗಿನ ತಂಪಿಗೆ ಮೇಲೇರದೆ ಕೆಳಗೇ ಸುತ್ತುತ್ತೆ, ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತೆ. ಪ್ಲಾಸ್ಟಿಕ್ಕು, ಥರ್ಮೋಕೋಲ್ ಸುಟ್ಟರೂ ಅಷ್ಟೇ."

ಶೆವಂತಿಬಾಯಿ ಹೊರಗೆ ಬಂದಳು. "ನರಕಾಸುರನ್ನ ಯಾಕೆ ಸುಡ್ತೀವಿ ಹೇಳು ಪುತಾ."

"ಕೃಷ್ಣ ಅವನನ್ನ ಕೊಂದ, ಅದಕ್ಕೆ."

"ಯಾಕೆ ಕೊಂದ? ಆ ಅಸುರ ಹದಿನಾರು ಸಾವಿರ ಹೆಣ್ಣುಮಕ್ಕಳನ್ನ ಸೆರೆಯಲ್ಲಿಟ್ಟಿದ್ದ. ಕೃಷ್ಣ ಬಾಗಿಲು ತೆಗೆದ. ಅವರು ಹೊರಗೆ ಬಂದ ಸಂತೋಷಕ್ಕೇ ಈ ದೀಪ. ನೀನು ಅದೇ ದಿನ ಹೆತ್ತವಳನ್ನ ಒಳಗೆ ಹಾಕಿ ಚಿಲಕ ಹಾಕ್ತೀಯ. ನೀನು ಯಾರ ಕಡೆಯವನೋ?"

ಶೋಭನಾ ಕಿಸಕ್ಕನೆ ನಕ್ಕಳು. ಉಲ್ಹಾಸನಿಗೆ ನಗು ಬರಲಿಲ್ಲ. ಹೋದ ವರ್ಷ ಆಯಿಯ ತುಟಿ ನೀಲಿಗಟ್ಟಿದ್ದು ಕಣ್ಣ ಮುಂದೆ ಬಂತು. ಸಂಜೆಯೊಳಗೆ ಟಯರುಗಳೆಲ್ಲ ಗುಜರಿಯವನ ಗಾಡಿ ಏರಿದವು.

ಚತುರ್ದಶಿಯ ಬೆಳಗು ಮನೆಗಳಿಂದ ದೂರದ ಬಯಲಿನಲ್ಲಿ, ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡು ಹುಲ್ಲಿನ ನರಕಾಸುರನಿಗೆ ಬೆಂಕಿಯಿಟ್ಟರು. ಧಗ್ಗೆಂದು ಉರಿದು ಬೇಗನೆ ಬೂದಿಯಾದ. ಕೆಳಗಿನ ವಾಡೆಯವರು ನಕ್ಕೇ ನಕ್ಕರು. ಉಲ್ಹಾಸನಿಗೆ ಅದು ಕೇಳಿಸಲೇ ಇಲ್ಲ, ಮನೆಗೆ ಓಡಿದ.

ಆಯಿ ಎಣ್ಣೆ ನೀರು ಹಾಕಿಕೊಂಡು ತುಳಸಿಯ ಮುಂದೆ ನಿಂತಿದ್ದಳು. ಅಸುರನೆಂದು ಇಟ್ಟ ಕಹಿ ಕಾರೀಟ್ ಕಾಯಿಯನ್ನು ಕಾಲಿನಿಂದ ಪಟ್ಟೆಂದು ಒಡೆದಳು. ಉಸಿರು ಸರಾಗವಾಗಿತ್ತು.

"ನೋಡು, ನನ್ನ ನರಕಾಸುರ ಹೊಗೆಯೇ ಇಲ್ಲದೆ ಸತ್ತ!" ಎಂದಳು.

ಉಲ್ಹಾಸನ ಎದೆ ಹಗುರಾಯಿತು. ಬೆಲ್ಲದ ಅವಲಕ್ಕಿಯ ಮೊದಲ ತುತ್ತನ್ನು ತಾನೇ ಅವಳ ಬಾಯಿಗಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ನೀವು ನರಕಾಸುರನನ್ನು ಸುಡದಿರಬಹುದು. ಆದರೆ ಪಟಾಕಿಗೋ ಕಸಕ್ಕೋ ಬೆಂಕಿ ಹಚ್ಚುವ ಮೊದಲು, ಪಕ್ಕದ ಮನೆಯಲ್ಲಿ ಕೆಮ್ಮುತ್ತಿರುವವರು ಯಾರೆಂದು ಒಮ್ಮೆ ನೋಡಿ. ಟಯರು, ಪ್ಲಾಸ್ಟಿಕ್ ಸುಡಲೇಬೇಡಿ. ಸೆರೆಯ ಬಾಗಿಲು ತೆರೆದ ಹಬ್ಬವಿದು. ಈ ದಿನ ಯಾರೂ ಬಾಗಿಲು ಮುಚ್ಚಿಕೊಂಡು ಕೂರುವಂತಾಗಬಾರದು.