ಲಿಫ್ಟಣ್ಣ ಬರೆದ ಅರ್ಜಿ

ಮೂರನೇ ಮಹಡಿಯ ಆ ಮನೆಯಿಂದ ಬೀದಿಗೆ ಐವತ್ತನಾಲ್ಕು ಮೆಟ್ಟಿಲು. ಮಗಳಿಗೆ ಅದು ಬಾಯಿಪಾಠ. ಆದರೆ ಬುದ್ಧಿ ಬಂದ ಮೇಲೆ ಅವಳು ಒಂದು ಮೆಟ್ಟಿಲನ್ನೂ ತುಳಿದವಳಲ್ಲ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಅವಳ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಅಂದಿನಿಂದ ಅಪ್ಪನ ಬೆನ್ನೇ ಅವಳ ದಾರಿ.

ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ದಿನಾ ಬೆಳಿಗ್ಗೆ ಮಗಳನ್ನು ಹೊತ್ತು ಕೆಳಗಿಳಿಸಿ, ಮೆಟ್ಟಿಲ ಬುಡದಲ್ಲಿಟ್ಟಿದ್ದ ಗಾಲಿಕುರ್ಚಿಯಲ್ಲಿ ಕೂರಿಸಿ, ಎರಡು ಬೀದಿ ಆಚೆಯ ದರ್ಜಿ ಅಂಗಡಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮತ್ತೆ ಹೊತ್ತು ಹತ್ತುತ್ತಿದ್ದರು.

"ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ ಅಂದೋರು ಯಾರು? ಲಿಫ್ಟಣ್ಣ ಇದ್ದಾರಲ್ಲ" ಎಂದು ನೆರೆಯವರು ನಗುತ್ತಿದ್ದರು.

"ಈ ಲಿಫ್ಟಿಗೆ ಕರೆಂಟ್ ಬೇಡ, ಒಂದು ಲೋಟ ಚಹಾ ಸಾಕು" ಎಂದು ಅವರೂ ನಗುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ, ಮಗಳನ್ನು ಅಂಗಡಿಗೆ ಬಿಟ್ಟು ಹೋದ ಮೇಲೆ, ಗೋದಾಮಿನಲ್ಲೇ ಅವರ ಎದೆಬಡಿತ ನಿಂತಿತು.

ಆಮೇಲೆ ನೆರೆಯವರು ಎರಡು ಸಲ ಮಗಳನ್ನು ಹೊತ್ತು ಇಳಿಸಿದರು. ಎರಡನೇ ಸಲ ಒಬ್ಬರ ಕಾಲು ಜಾರಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಗಳೇ ಇನ್ನು ಬೇಡ ಎಂದಳು. ಅಲ್ಲಿಂದ ಹನ್ನೊಂದು ತಿಂಗಳು ಅವಳು ಕಿಟಕಿಯ ಪಕ್ಕ ಕೂತೇ ಇದ್ದಳು. ಗಾಲಿಕುರ್ಚಿ ಕೆಳಗೆ ಧೂಳು ಹಿಡಿಯಿತು.

ಒಂದು ದಿನ ದರ್ಜಿ ಮಾಸ್ತರರು ಮೇಲೆ ಹತ್ತಿ ಬಂದರು. ಕೋಟಿನ ಬಟ್ಟೆ ಕತ್ತರಿಸುವುದನ್ನು ಅವಳಿಗೆ ಕಲಿಸಿದವರು ಅವರೇ. ಅದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಉದ್ದನೆಯ ಮೇಜು ಬೇಕು, ಗಿರಾಕಿಯ ಅಳತೆಯನ್ನು ಎದುರಿಗೇ ತೆಗೆಯಬೇಕು.

"ನನ್ನ ಕಣ್ಣು ಮಂಜಾಗಿದೆ ಕಣಮ್ಮ" ಎಂದರು ಮಾಸ್ತರರು. "ಮೊನ್ನೆ ಒಬ್ಬರ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಬಿಟ್ಟೆ."

"ಅಯ್ಯೋ ಮಾಸ್ತರೇ, ಅವರೇನಂದ್ರು?"

"ಬಲಗೈ ಎಲ್ಲಿಡ್ಲಿ ಅಂದ್ರು." ಅವರು ಕನ್ನಡಕ ತೆಗೆದು ಒರೆಸಿದರು. "ಚಳಿಗಾಲ ಬಂದ್ರೆ ಕೋಟಿನ ಕೆಲಸ ಮೈಮೇಲೆ ಬೀಳತ್ತೆ. ಅಲ್ಲೀವರೆಗೂ ನಿನ್ನ ಜಾಗ ಹಾಗೇ ಇಟ್ಟಿರ್ತೀನಿ. ಆಮೇಲೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಅವರು ಹೋದ ಮೇಲೆ ಮಗಳು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಅಮ್ಮ ನೋಡಿಯೂ ನೋಡದಂತೆ ಇದ್ದುಬಿಟ್ಟರು.

ಆ ವಾರವೇ ಮಾಸ್ತರರು ಹೇಳಿಕಳಿಸಿದ ಕಾರ್ಯಕರ್ತೆಯೊಬ್ಬರು ಬಂದರು. ಅಂಗವೈಕಲ್ಯ ಇರುವವರಿಗೆ ಮನೆ ಮತ್ತು ಕೆಲಸದ ವಿಷಯದಲ್ಲಿ ನೆರವಾಗುವ ಕಚೇರಿಯವರು. ಬಾಗಿಲಲ್ಲೇ ಕುಸಿದು ಕೂತರು.

"ಸ್ವಲ್ಪ ತಾಳಿ ಅಮ್ಮಾ. ನಾನು ಬಂದೆ, ನನ್ನ ಉಸಿರು ಇನ್ನೂ ಎರಡನೇ ಮಹಡೀಲಿದೆ."

ಅಮ್ಮ ನೀರು ಕೊಟ್ಟರು. ಕಾರ್ಯಕರ್ತೆ ನೆಲಮಹಡಿಯ ಮನೆಗೆ ಅರ್ಜಿ ಹಾಕುವ ಮಾತೆತ್ತಿದರು.

"ಅದೆಲ್ಲ ಆಗಿಹೋಯ್ತು" ಎಂದರು ಅಮ್ಮ. "ಮೂರು ವರ್ಷದ ಹಿಂದೆ ಇವಳಪ್ಪ ಹಾಕಿದ್ರು. ಆಗಲ್ಲ ಅಂತ ಕಾಗದ ಬಂತು. ನಮ್ಮಂಥವರ ಅರ್ಜಿ ಯಾರು ಓದ್ತಾರೆ ಮೇಡಂ?"

"ಯಾಕೆ ಆಗಲ್ಲ ಅಂದ್ರು ಅಂತ ಕೇಳಿದ್ರಾ?"

"ಕೇಳೋಕೆ ಇವಳಪ್ಪಾನೇ ಬಿಡ್ಲಿಲ್ಲ. ನಾನಿದ್ದೀನಲ್ಲ ಬಿಡು ಅಂದ್ರು."

ಕಾರ್ಯಕರ್ತೆ ಚೀಲದಿಂದ ಹಳೆಯ ಕಡತ ತೆಗೆದು ಒಂದು ಹಾಳೆಯನ್ನು ಅಮ್ಮನ ಮುಂದಿಟ್ಟರು. ಅಪ್ಪನದೇ ಅಕ್ಷರ, ದಪ್ಪ ದಪ್ಪ, ಗೆರೆ ಬಿಟ್ಟು ಮೇಲೆ ಹೋದದ್ದು.

ಮೆಟ್ಟಿಲು ಹತ್ತಿ ಇಳಿಯುತ್ತಾರೆಯೇ? 'ಹೌದು. ದಿನಕ್ಕೆರಡು ಸಲ.'

ಹೊರಗೆ ಓಡಾಡುತ್ತಾರೆಯೇ? 'ಎಲ್ಲಿಗೆ ಬೇಕಾದರೂ ಹೋಗುತ್ತಾಳೆ.'

ಈಗಿರುವ ಮನೆಯಿಂದ ತೊಂದರೆ ಇದೆಯೇ? 'ಏನೂ ಇಲ್ಲ.'

ಅಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಅವರು ಸುಳ್ಳು ಬರೆಯೋರಲ್ಲ" ಎಂದರು.

"ಸುಳ್ಳಲ್ಲಮ್ಮ. ತಮ್ಮ ಕಾಲನ್ನೂ ಮಗಳದೇ ಅಂತ ಲೆಕ್ಕ ಹಿಡಿದು ಬರೆದಿದ್ದಾರೆ. ಅಲ್ಲಿ ಕೇಳಿದ್ದು ಇವರೊಬ್ಬರ ವಿಷಯ. ಆದ್ರೆ ನಮ್ಮವರಾದ್ರೂ ಬಂದು ನೋಡ್ಬೇಕಿತ್ತು. ಬರ್ಲಿಲ್ಲ. ಆ ತಪ್ಪು ನಮ್ದು."

"ಹಾಗಾದ್ರೆ ಈಗ ನಾನು ಇಲ್ಲ ಅಂತ ಬರೀಬೇಕಾ? ಅವರು ಹೌದು ಅಂದಿದ್ದಕ್ಕೆ?" ಅಮ್ಮ ಹಾಳೆಯನ್ನು ದೂರ ತಳ್ಳಿದರು. "ಬರೆದ್ರೆ ಏನಾಗತ್ತೆ ಗೊತ್ತಾ? ಮೆಟ್ಟಿಲು ಇಳೀಲಾರದವಳು ಕೆಲಸ ಏನು ಮಾಡ್ತಾಳೆ ಅಂತಾರೆ. ಮನೆ ಕೇಳೋಕೆ ಹೋಗಿ ಇರೋ ಕೆಲಸಾನೂ ಕಳ್ಕೋಬೇಕು."

"ಕೋಟನ್ನ ಕಾಲಲ್ಲಿ ಕತ್ತರಿಸ್ತಾರಾ ಅಮ್ಮಾ?"

ಮಗಳು ತುಟಿ ಕಚ್ಚಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು.

ಕಾರ್ಯಕರ್ತೆ ಹೊಸ ಅರ್ಜಿಯ ಹಾಳೆಗಳನ್ನು ಬೇರೆ ಬೇರೆಯಾಗಿ ಹರಡಿದರು. "ಇದು ಮನೇದು. ಒಬ್ಬರೇ ಇದ್ರೆ ಏನೇನು ಆಗಲ್ಲ ಅನ್ನೋದನ್ನ ಇಲ್ಲಿ ಬರೀರಿ. ಇದು ಕೆಲಸದ್ದು. ಏನೇನು ಬರತ್ತೆ ಅನ್ನೋದನ್ನ ಇಲ್ಲಿ ಬರೀರಿ. ಇದ್ರಲ್ಲಿ ಆಗಲ್ಲ ಅಂತ ಬರೆದ್ರೆ ಅದ್ರಲ್ಲಿ ಏನೂ ಕಮ್ಮಿಯಾಗಲ್ಲ. ಇನ್ನೊಂದು ಹಾಳೆ ಮಾಸ್ತರರಿಗೆ. ಅಂಗಡಿ ಹೊಸ್ತಿಲಿಗೆ ಇಳಿಜಾರು ಹಲಗೆ, ಕೂತು ಕತ್ತರಿಸೋಕೆ ತಗ್ಗಿನ ಮೇಜು, ಇದನ್ನ ಅವರು ಕೇಳಬಹುದು."

ಅಮ್ಮ ಪೆನ್ನು ಮುಟ್ಟಲಿಲ್ಲ.

"ಇಲ್ಲ ಅಂತ ಬರಿ ಅಮ್ಮಾ" ಎಂದಳು ಮಗಳು. ಅವಳ ಕಣ್ಣು ಕಿಟಕಿಯ ಕಡೆಗಿತ್ತು. "ಎರಡನೇ ಮಹಡಿ ತಿರುವಲ್ಲಿ ಅಪ್ಪ ದಿನಾ ನಿಲ್ತಿದ್ರು. ಚಪ್ಪಲಿ ಪಟ್ಟಿ ಸಡಿಲ ಆಯ್ತು ಅನ್ನೋರು. ಅವರ ಬೆನ್ನು ನನ್ನ ಎದೆಗೆ ಅಂಟ್ಕೊಂಡೇ ಇರ್ತಿತ್ತಲ್ಲ, ಒಳಗೆ ಹೇಗೆ ಬಡ್ಕೋತಿತ್ತು ಅಂತ ನನಗೆ ಗೊತ್ತಾಗ್ತಿತ್ತು. ನಾನು ಹೇಳ್ಲಿಲ್ಲ. ಹೇಳಿದ್ರೆ ಕೆಲಸಕ್ಕೆ ಹೋಗೋದು ನಿಲ್ಲತ್ತೆ ಅಂತ ಹೇಳ್ಲಿಲ್ಲ."

ಅಮ್ಮ ಎದ್ದು ಬಂದು ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. "ಬಾಗಿಲಲ್ಲಿ ನಿಂತ್ರೆ ನನಗೂ ಆ ಉಸಿರು ಕೇಳ್ತಿತ್ತು ಕಣೇ. ಏನ್ರೀ ಅಂದ್ರೆ, ಲಿಫ್ಟು ಹಳೇದಾಯ್ತು ಅಂತ ನಗೋರು. ನಾನೂ ನಕ್ಕು ಸುಮ್ನಾದೆ."

ಮಗಳನ್ನು ಹೊತ್ತದ್ದರಿಂದಲೇ ಅಪ್ಪನಿಗೆ ಹೀಗಾಯಿತು ಎಂದು ವೈದ್ಯರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅದು ಇನ್ನು ಯಾರಿಗೂ ತಿಳಿಯುವುದಿಲ್ಲ.

ಅಮ್ಮ ಬರೆಯಲು ಕೂತರು. ಮೆಟ್ಟಿಲಿನ ಪ್ರಶ್ನೆಗೆ ಬಂದಾಗ ಬಹಳ ಹೊತ್ತು ತಡೆದು, ಹೀಗೆ ಬರೆದರು: 'ಇಲ್ಲ. ಇವಳ ಅಪ್ಪ ಹೊತ್ತು ಇಳಿಸುತ್ತಿದ್ದರು. ಈಗ ಅವರಿಲ್ಲ.'

ಕೆಲಸದ ಹಾಳೆಯನ್ನು ಮಗಳು ತಾನೇ ತುಂಬಿದಳು. ಅದರಲ್ಲಿ ಜಾಗ ಸಾಲದೆ ಹಿಂಬದಿಗೂ ಬರೆದಳು.

ಈ ಸಲ ಕಚೇರಿಯಿಂದ ಇಬ್ಬರು ಬಂದು ಮೆಟ್ಟಿಲು ನೋಡಿಕೊಂಡು ಹೋದರು. ಅಮ್ಮ ಎರಡು ಸಲ ಹೋಗಿ ಏನಾಯಿತೆಂದು ವಿಚಾರಿಸಿದರು. ಚಳಿಗಾಲಕ್ಕೆ ಎರಡು ವಾರ ಮುಂಚೆ ನೆಲಮಹಡಿಯ ಒಂದು ಮನೆ ಅವರಿಗೆ ಸಿಕ್ಕಿತು. ಬಾಗಿಲು ಅಗಲ, ಹೊಸ್ತಿಲಿಲ್ಲ.

ಮನೆ ಬಿಡುವ ದಿನ ನೆರೆಯ ನಾಲ್ವರು ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಜೋಪಾನವಾಗಿ ಇಳಿಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಅವಳು, "ಇಲ್ಲಿ ಒಂದು ಗಳಿಗೆ ನಿಲ್ಲಿ" ಎಂದಳು.

"ಯಾಕಮ್ಮ, ನೋವಾಯ್ತಾ?"

"ಇಲ್ಲ. ಇಲ್ಲಿ ನಿಲ್ಲೋದು ರೂಢಿ."

ನಾಲ್ವರೂ ನಿಂತರು.

ಮರುದಿನ ಬೆಳಿಗ್ಗೆ ಮಗಳು ಗಾಲಿಗಳನ್ನು ತಾನೇ ತಳ್ಳಿಕೊಂಡು, ಮಡಿಲಲ್ಲಿ ಕತ್ತರಿ ಇಟ್ಟುಕೊಂಡು ಅಂಗಡಿಗೆ ಹೋದಳು. ಅಮ್ಮ ಬಾಗಿಲಲ್ಲಿ ನಿಂತು ಅವಳು ಬೀದಿಯ ತಿರುವು ದಾಟುವವರೆಗೂ ನೋಡಿದರು. ಒಳಗೆ ಬಂದ ಮೇಲೆ ಕೈ ತನ್ನಷ್ಟಕ್ಕೆ ಎರಡು ಲೋಟ ಚಹಾ ಮಾಡಿತು. ಈ ಮನೆ ಮೂರು ವರ್ಷದ ಹಿಂದೆ ಸಿಕ್ಕಿದ್ದರೆ, ಅಪ್ಪ ಚಹಾ ಕುಡಿದು ಬರಿಗೈ ಬೀಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಲಿಫ್ಟಣ್ಣ ಇರಬಹುದು. ಅದು ನೀವೇ ಇರಬಹುದು. ಅರ್ಜಿಯಲ್ಲಿ ಕೇಳಿದಾಗ, ಅಂಗವೈಕಲ್ಯ ಇರುವವರು ಒಬ್ಬರೇ ಇದ್ದರೆ ಏನಾಗುತ್ತದೆ ಎಂಬುದನ್ನು ಬರೆಯಿರಿ. ನಿಮ್ಮ ಪ್ರೀತಿಯ ಬಲವನ್ನು ಅವರ ಬಲವೆಂದು ಬರೆಯಬೇಡಿ. ಅವರಿಗೆ ಬರುವ ಕೆಲಸವನ್ನಂತೂ ಒಂದನ್ನೂ ಬಿಡದೆ ಬರೆಯಿರಿ. ಆಗುವುದಿಲ್ಲ ಎಂಬ ಕಾಗದ ಬಂದರೆ ಕಾರಣ ಕೇಳಿ. ಎಲ್ಲ ಕಡೆ ನಿಯಮ ಒಂದೇ ಅಲ್ಲ. ಆದ್ದರಿಂದ ಈ ಕಥೆಯೊಂದನ್ನೇ ನಂಬಿ ಕೂರದೆ, ನಿಮ್ಮ ಹತ್ತಿರದ ಕಚೇರಿಗೆ ಹೋಗಿ ವಿಚಾರಿಸಿ. ಕೆಲಸ ಕೊಡುವವರು ನೀವಾಗಿದ್ದರೆ, ಆ ಮಾಸ್ತರರಂತೆ ಕಚೇರಿಗೆ ಒಂದು ಮಾತು ಹೇಳಿಕಳಿಸಿ.

ನಾಳೆ ನೋಡೋಣ ಎನ್ನಬೇಡಿ. ಹೊರುವವರು ಇನ್ನೂ ಇರುವಾಗಲೇ ಬರೆಯಿರಿ.